ವೈನ್‌ಬರ್ಗರ್ ಕೇಳಿದ ಆರು ಪ್ರಶ್ನೆಗಳು

1983ರ ಅಕ್ಟೋಬರ್ 23, ಭಾನುವಾರ. ಬೆಳಗಿನ 6 ಗಂಟೆ 22 ನಿಮಿಷ. ಲೆಬನಾನಿನ ರಾಜಧಾನಿ ಬೈರೂತಿನ ವಿಮಾನ ನಿಲ್ದಾಣದಲ್ಲಿದ್ದ ನಾಲ್ಕಂತಸ್ತಿನ ಕಟ್ಟಡವೊಂದರಲ್ಲಿ ಅಮೆರಿಕದ ಮರೀನ್ ಯೋಧರಲ್ಲಿ ಬಹುತೇಕರು ಇನ್ನೂ ನಿದ್ದೆಯಲ್ಲಿದ್ದರು. ಹಳದಿ ಬಣ್ಣದ ಲಾರಿಯೊಂದು ಮುಳ್ಳುತಂತಿಯ ಬೇಲಿಯನ್ನು ಮುರಿದು, ಕಾವಲು ಠಾಣೆಗಳ ನಡುವೆ ನುಗ್ಗಿ, ಕಟ್ಟಡದ ಒಳಕ್ಕೇ ಹೊಕ್ಕು ಸ್ಫೋಟಿಸಿತು. 241 ಅಮೆರಿಕನ್ ಸೈನಿಕರು ಸತ್ತರು. ಕಾವಲಿಗಿದ್ದವರ ಕೈಯಲ್ಲಿ ಬಂದೂಕುಗಳೇನೋ ಇದ್ದವು. ಆದರೆ ಮೇಲಿನವರ ಆದೇಶದಂತೆ ಅವುಗಳಲ್ಲಿ ಗುಂಡು ತುಂಬಿರಲಿಲ್ಲ.

ಆ ಸೈನಿಕರು ಅಲ್ಲಿ ಏಕಿದ್ದರು? ಯುದ್ಧ ಮಾಡಲು ಅಲ್ಲ. ಶಾಂತಿ ಕಾಯಲು ಎನ್ನೋಣವೆಂದರೆ, ಕಾಯುವುದಕ್ಕೆ ಅಲ್ಲಿ ಶಾಂತಿಯೇ ಇರಲಿಲ್ಲ. ಅವರಿಗೆ ವಹಿಸಿದ್ದ ಕೆಲಸಕ್ಕೆ ಸರ್ಕಾರಿ ಕಾಗದಪತ್ರಗಳಲ್ಲಿದ್ದ ಹೆಸರು ‘ಉಪಸ್ಥಿತಿ’. ಅಂದರೆ ಅಲ್ಲಿ ಇರುವುದೇ ಕೆಲಸ. ಅಂತರ್ಯುದ್ಧದಲ್ಲಿ ಒಡೆದು ಚೂರಾಗಿದ್ದ ದೇಶದಲ್ಲಿ ಒಂದು ಬಣದ ಸರ್ಕಾರಕ್ಕೆ ಒತ್ತಾಸೆಯಾಗಿ ನಿಂತ ಮೇಲೆ ಉಳಿದ ಬಣಗಳ ಕಣ್ಣಿಗೆ ಅವರು ಮಧ್ಯಸ್ಥರಾಗಿ ಕಾಣಲಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ಯುದ್ಧನೌಕೆಗಳು ಲೆಬನಾನ್ ಸೇನೆಯ ಪರವಾಗಿ ಬೆಟ್ಟಗಳ ಮೇಲೆ ಶೆಲ್ ಸುರಿಸಿದ ನಂತರವಂತೂ ಆ ಸೋಗು ಪೂರ್ತಿ ಕಳಚಿಬಿತ್ತು. ಆದರೂ ಕಾವಲಿನ ನಿಯಮ ಮಾತ್ರ ಮಧ್ಯಸ್ಥರದ್ದೇ ಆಗಿ ಉಳಿಯಿತು. ಅಧ್ಯಕ್ಷ ರೊನಾಲ್ಡ್ ರೇಗನ್ ದುರಂತದ ಹೊಣೆಯನ್ನು ತಾವೇ ಹೊತ್ತುಕೊಂಡರು. 1984ರ ಫೆಬ್ರುವರಿಯಲ್ಲಿ ಉಳಿದ ಯೋಧರನ್ನು ಹಡಗುಗಳಿಗೆ ಹಿಂದಕ್ಕೆ ಕರೆಸಿಕೊಳ್ಳಲು ಆದೇಶಿಸಿದರು.

ಈ ನಿಯೋಜನೆಯನ್ನು ವಿರೋಧಿಸಿದ್ದವರು ರೇಗನ್ ಸಂಪುಟದಲ್ಲೇ ಇದ್ದರು. ಅವರು ರಕ್ಷಣಾ ಕಾರ್ಯದರ್ಶಿ ಕ್ಯಾಸ್ಪರ್ ವೈನ್‌ಬರ್ಗರ್. 1984ರ ನವೆಂಬರ್ 28ರಂದು ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ಬಿನಲ್ಲಿ ಮಾಡಿದ ಭಾಷಣದಲ್ಲಿ ಅವರು, ಸೈನಿಕರನ್ನು ಪರದೇಶದ ರಣರಂಗಕ್ಕೆ ಕಳುಹಿಸುವ ಮುನ್ನ ಸರ್ಕಾರ ದಾಟಬೇಕಾದ ಆರು ಪರೀಕ್ಷೆಗಳನ್ನು ದೇಶದ ಮುಂದಿಟ್ಟರು. ಅವುಗಳನ್ನು ಪ್ರಶ್ನೆಗಳ ರೂಪದಲ್ಲಿ ಹೀಗೆ ಹೇಳಬಹುದು: ದೇಶದ ಅಥವಾ ಮಿತ್ರರಾಷ್ಟ್ರಗಳ ಮರ್ಮಸ್ಥಾನದ ಹಿತಕ್ಕೆ ನಿಜವಾಗಿ ಧಕ್ಕೆ ಬಂದಿದೆಯೇ? ಹೋಗುವುದಾದರೆ ಗೆಲ್ಲುವ ಸಂಕಲ್ಪದಿಂದ, ಪೂರ್ಣ ಬಲದೊಂದಿಗೆ ಹೋಗುತ್ತಿದ್ದೇವೆಯೇ? ರಾಜಕೀಯ ಮತ್ತು ಸೈನಿಕ ಗುರಿಗಳು ಸ್ಪಷ್ಟವಾಗಿವೆಯೇ? ಗುರಿಗೂ ಬಲಕ್ಕೂ ಇರುವ ಹೊಂದಾಣಿಕೆಯನ್ನು ಕಾಲಕಾಲಕ್ಕೆ ತೂಗಿ ನೋಡುತ್ತಿದ್ದೇವೆಯೇ? ಜನತೆ ಮತ್ತು ಅಮೆರಿಕನ್ ಕಾಂಗ್ರೆಸ್ ಬೆಂಬಲಕ್ಕೆ ನಿಲ್ಲುವ ಭರವಸೆ ಇದೆಯೇ? ಉಳಿದೆಲ್ಲ ದಾರಿಗಳೂ ಮುಚ್ಚಿದ ಮೇಲಿನ ಕೊನೆಯ ದಾರಿಯೇ ಇದು?

ಇದನ್ನು ಕೇಳಿದವರು ಯುದ್ಧವಿರೋಧಿ ಚಳವಳಿಗಾರರಲ್ಲ ಎಂಬುದು ಇಲ್ಲಿ ಮುಖ್ಯ. ಶಾಂತಿಕಾಲದಲ್ಲಿ ಅಮೆರಿಕ ಕಂಡ ಅತಿ ದೊಡ್ಡ ಸೇನಾ ವಿಸ್ತರಣೆಯ ಶಿಲ್ಪಿಗಳಲ್ಲಿ ವೈನ್‌ಬರ್ಗರ್ ಪ್ರಮುಖರು. 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕ ತನ್ನ ಒಟ್ಟು ದೇಶೀಯ ಉತ್ಪನ್ನದ ಸುಮಾರು ಶೇ 6ರಷ್ಟನ್ನು ರಕ್ಷಣೆಗೆ ವೆಚ್ಚ ಮಾಡುತ್ತಿತ್ತು. 600 ಹಡಗುಗಳ ನೌಕಾಪಡೆಯ ಗುರಿ ಇಟ್ಟುಕೊಂಡು 1987ರಲ್ಲಿ 594ನ್ನು ಮುಟ್ಟಿತ್ತು. ಬಲ ಬೆಳೆಸುವುದರಲ್ಲಿ ಜಿಪುಣತನವಿಲ್ಲ, ಬಳಸುವುದರಲ್ಲಿ ಧಾರಾಳತನವಿಲ್ಲ ಎಂಬುದು ಆ ನೀತಿಯ ತಿರುಳು. ಕತ್ತಿ ಹರಿತವಾಗಿರಬೇಕು, ಆದರೆ ಒರೆಯಲ್ಲಿರಬೇಕು.

ಒಂದೇ ಪಂಥ, ಎರಡು ಮನೆ

ಅಮೆರಿಕದ ಕನ್ಸರ್ವೇಟಿವ್ ಚಿಂತನೆಯೆಂದರೆ ಯುದ್ಧೋತ್ಸಾಹ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಇರಾಕ್ ಯುದ್ಧದ ದಿನಗಳಲ್ಲಿ ಪತ್ರಿಕೆಗಳನ್ನು ಓದಿದ ಯಾರಿಗಾದರೂ ಹಾಗನ್ನಿಸುವುದು ಸಹಜ. ಆದರೆ ಆ ಪಂಥದೊಳಗೆ ಮೊದಲಿನಿಂದಲೂ ಎರಡು ಮನೆಗಳಿವೆ. ವೈನ್‌ಬರ್ಗರ್ ಭಾಷಣಕ್ಕೆ ಅತ್ಯಂತ ಸಮರ್ಥ ಪ್ರತಿವಾದ ಹೂಡಿದವರು ವಿರೋಧ ಪಕ್ಷದವರಲ್ಲ, ಅದೇ ಸಂಪುಟದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಷುಲ್ಟ್ಸ್. ಬಲಪ್ರಯೋಗದ ಬೆದರಿಕೆ ಬೆನ್ನಿಗಿಲ್ಲದ ರಾಜತಾಂತ್ರಿಕತೆ ಬರೀ ಮಾತು ಎಂಬುದು ಅವರ ನಿಲುವಾಗಿತ್ತು. ಸೇನೆಯನ್ನು ಕೈಯಲ್ಲಿಟ್ಟುಕೊಂಡವರು ಬೇಡವೆನ್ನುತ್ತಿದ್ದರು, ಸಂಧಾನ ನಡೆಸಬೇಕಾದವರು ಬೇಕೆನ್ನುತ್ತಿದ್ದರು!

ಈ ಎರಡರಲ್ಲಿ ಕನ್ಸರ್ವೇಟಿವ್ ಎಂಬ ಹೆಸರಿಗೆ ಹೆಚ್ಚು ತಕ್ಕದ್ದು ವೈನ್‌ಬರ್ಗರ್ ಮನೆಯೇ ಎಂಬುದು ಈ ಲೇಖನದ ವಾದ. ಏಕೆಂದರೆ ಆ ಚಿಂತನೆಯ ತಳಹದಿಯೇ ಮನುಷ್ಯನ ಮಿತಿಗಳ ಅರಿವು. ಸಮಾಜವೊಂದು ತಲೆಮಾರುಗಳ ರೂಢಿ, ನಂಬಿಕೆ, ಸಂಸ್ಥೆಗಳಿಂದ ಬೆಳೆಯುತ್ತದೆ, ರಾಜಧಾನಿಯ ಕಚೇರಿಯಲ್ಲಿ ಬರೆದ ಯೋಜನೆಯಿಂದ ಅದನ್ನು ಕಟ್ಟಲಾಗದು ಎಂದು ಅದು ನಂಬುತ್ತದೆ. ತನ್ನದೇ ನಗರದ ಬಡ ಬಡಾವಣೆಯೊಂದನ್ನು ಸರ್ಕಾರಿ ಯೋಜನೆಯಿಂದ ಮೇಲೆತ್ತುವುದು ಕಷ್ಟ ಎನ್ನುವವನು, ಭಾಷೆ ತಿಳಿಯದ ಪರದೇಶದ ಸಮಾಜವನ್ನು ಸೈನ್ಯದ ಮೂಲಕ ಹೊಸದಾಗಿ ಕಟ್ಟಬಹುದು ಎಂದು ಹೇಗೆ ನಂಬಿಯಾನು? ಮಿಲಿಟರಿ–ಕೈಗಾರಿಕಾ ಕೂಟದ ಪ್ರಭಾವದ ಬಗ್ಗೆ 1961ರ ಜನವರಿ 17ರ ವಿದಾಯ ಭಾಷಣದಲ್ಲಿ ಎಚ್ಚರಿಸಿದವರು ರಿಪಬ್ಲಿಕನ್ ಪಕ್ಷದ ಅಧ್ಯಕ್ಷ, ಎರಡನೇ ಮಹಾಯುದ್ಧದ ಸೇನಾನಿ ಡ್ವೈಟ್ ಐಸೆನ್‌ಹೋವರ್ ಎಂಬುದನ್ನೂ ಮರೆಯಬಾರದು.

ವೈನ್‌ಬರ್ಗರ್ ಪರೀಕ್ಷೆಗಳು ಕೆಲಸಕ್ಕೆ ಬಂದದ್ದು 1991ರಲ್ಲಿ. ಅವರಿಗೆ ಸೈನಿಕ ಸಹಾಯಕರಾಗಿದ್ದ, ವಿಯೆಟ್ನಾಮ್ ಕಂಡು ಬಂದಿದ್ದ ಜನರಲ್ ಕಾಲಿನ್ ಪೊವೆಲ್ ಆಗ ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಅಧ್ಯಕ್ಷರು. ಕುವೈತ್‌ನಿಂದ ಇರಾಕ್ ಸೇನೆಯನ್ನು ಹೊರಹಾಕುವುದು ಗುರಿ. ಅದಕ್ಕಾಗಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಯೋಧರು ಜಮಾಯಿಸಿದರು. ಕಾಂಗ್ರೆಸ್ಸಿನಲ್ಲಿ ನಿಜವಾದ ಚರ್ಚೆ ನಡೆದು ಸೆನೆಟ್ 52–47ರ ಅಲ್ಪ ಅಂತರದಲ್ಲಿ ಒಪ್ಪಿಗೆ ಕೊಟ್ಟಿತು. ನೂರು ಗಂಟೆಗಳಲ್ಲಿ ಭೂಯುದ್ಧ ಮುಗಿಯಿತು. ಗುರಿ ಈಡೇರಿದೊಡನೆ ಹಿರಿಯ ಬುಷ್ ನಿಂತರು, ಬಾಗ್ದಾದ್‌ಗೆ ಹೋಗಲಿಲ್ಲ. ಅಂದು ಅವರನ್ನು ಅರ್ಧಕ್ಕೆ ಬಿಟ್ಟವರೆಂದು ಹಳಿದವರು ಹನ್ನೆರಡು ವರ್ಷಗಳ ನಂತರ ತಮಗೆ ಬೇಕಾದ ಯುದ್ಧವನ್ನು ಪಡೆದರು.

ಒಬ್ಬ ಜನರಲ್ ಹೇಳಿದ್ದು

2003ರ ಫೆಬ್ರುವರಿ 25ರಂದು ಸೆನೆಟ್ಟಿನ ಸಶಸ್ತ್ರ ಪಡೆಗಳ ಸಮಿತಿಯ ಮುಂದೆ ಭೂಸೇನೆಯ ಮುಖ್ಯಸ್ಥ ಜನರಲ್ ಎರಿಕ್ ಷಿನ್ಸೆಕಿ ಹಾಜರಾಗಿದ್ದರು. ಯುದ್ಧಾನಂತರದ ಇರಾಕನ್ನು ನಿಭಾಯಿಸಲು ಎಷ್ಟು ಸೈನಿಕರು ಬೇಕು ಎಂಬ ಪ್ರಶ್ನೆಗೆ ಅವರು, ಹಲವು ಲಕ್ಷ ಬೇಕಾದೀತು ಎಂದರು. ಷಿನ್ಸೆಕಿ ವಿಯೆಟ್ನಾಮ್‌ನಲ್ಲಿ ಒಂದು ಪಾದದ ಭಾಗವನ್ನೇ ಕಳೆದುಕೊಂಡವರು, ಬೋಸ್ನಿಯಾದಲ್ಲಿ ನ್ಯಾಟೊ ಪಡೆಗಳನ್ನು ಮುನ್ನಡೆಸಿದವರು. ಯುದ್ಧ ಗೆದ್ದ ನಂತರದ ಬೆಳಗ್ಗೆ ಹೇಗಿರುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಎರಡೇ ದಿನಗಳಲ್ಲಿ ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿ ಪಾಲ್ ವುಲ್ಫೊವಿಟ್ಸ್ ಆ ಅಂದಾಜು ವಾಸ್ತವಕ್ಕೆ ಬಹುದೂರ ಎಂದು ತಳ್ಳಿಹಾಕಿದರು. ಅದೇ ಜೂನ್‌ನಲ್ಲಿ ನಿವೃತ್ತರಾಗುವಾಗ ಷಿನ್ಸೆಕಿ ಇನ್ನೊಂದು ಎಚ್ಚರಿಕೆ ಕೊಟ್ಟರು: ಹತ್ತು ಡಿವಿಷನ್‌ಗಳ ಸೇನೆಯ ಮೇಲೆ ಹನ್ನೆರಡು ಡಿವಿಷನ್‌ಗಳ ಕಾರ್ಯತಂತ್ರವನ್ನು ಹೊರಿಸಬೇಡಿ.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಮಾರ್ಚ್ 20ರಂದು ಆರಂಭವಾದ ದಾಳಿಗೆ ಬಾಗ್ದಾದ್ ಏಪ್ರಿಲ್ 9ಕ್ಕೆ ಕುಸಿಯಿತು. ಸೇನೆ ತನಗೆ ಒಪ್ಪಿಸಿದ ಕೆಲಸವನ್ನು ಮೂರೇ ವಾರಗಳಲ್ಲಿ ಮುಗಿಸಿತ್ತು. ಆದರೆ ಲೂಟಿ ತಡೆಯಲು, ಗಡಿ ಕಾಯಲು, ಶಸ್ತ್ರಾಗಾರಗಳಿಗೆ ಬೀಗ ಹಾಕಲು ಸಾಕಷ್ಟು ಜನರಿರಲಿಲ್ಲ. ಮೇ 23ರಂದು ಅಮೆರಿಕದ ಆಡಳಿತ ಇರಾಕ್ ಸೇನೆಯನ್ನೇ ವಿಸರ್ಜಿಸಿತು. ಶಸ್ತ್ರ ಬಲ್ಲ ಲಕ್ಷಾಂತರ ಮಂದಿ ಸಂಬಳವಿಲ್ಲದೆ, ಮಾನವಿಲ್ಲದೆ ಬೀದಿಗೆ ಬಿದ್ದರು. ಇರುವ ಸಂಸ್ಥೆಯನ್ನು ಕೆಡಹುವ ಮುನ್ನ ಅದು ಏನನ್ನು ಹಿಡಿದು ನಿಲ್ಲಿಸಿದೆ ಎಂದು ಕೇಳುವುದು ಕನ್ಸರ್ವೇಟಿವ್ ಚಿಂತನೆಯ ಮೊದಲ ಪಾಠ. ಅದನ್ನೇ ಮರೆತವರು ತಮ್ಮನ್ನು ಕನ್ಸರ್ವೇಟಿವ್ ಎಂದು ಕರೆದುಕೊಳ್ಳುತ್ತಿದ್ದರು.

2004ರ ಡಿಸೆಂಬರಿನಲ್ಲಿ ಕುವೈತ್‌ನ ಶಿಬಿರವೊಂದರಲ್ಲಿ ಸೈನಿಕನೊಬ್ಬ ಎದ್ದುನಿಂತು ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅವರನ್ನು, ನಮ್ಮ ವಾಹನಗಳಿಗೆ ರಕ್ಷಾಕವಚ ಹೊಂದಿಸಲು ನಾವೇಕೆ ಕಸದ ಗುಡ್ಡೆಯಲ್ಲಿ ಗುಜರಿ ಲೋಹ ಹುಡುಕಬೇಕು ಎಂದು ಕೇಳಿದ. ಸುತ್ತಲಿದ್ದ ಸೈನಿಕರು ಹರ್ಷೋದ್ಗಾರ ಮಾಡಿದರು. ಇರುವ ಸೇನೆಯೊಂದಿಗೇ ಯುದ್ಧಕ್ಕೆ ಹೋಗಬೇಕಾಗುತ್ತದೆ ಎಂಬುದು ರಮ್ಸ್‌ಫೆಲ್ಡ್ ಉತ್ತರದ ಸಾರ. ಶತ್ರು ಮೇಲೆ ಬಿದ್ದಾಗ ಆ ಮಾತು ನಿಜ. ಆದರೆ ಮುಹೂರ್ತವನ್ನು ತಾನೇ ಇಟ್ಟುಕೊಂಡ ಯುದ್ಧಕ್ಕೆ ಆ ಸಬೂಬು ಸಲ್ಲುವುದೇ?

2007ರಲ್ಲಿ ಜನರಲ್ ಡೇವಿಡ್ ಪೆಟ್ರೇಯಸ್ ನೇತೃತ್ವದಲ್ಲಿ ಹೆಚ್ಚುವರಿಯಾಗಿ ಐದು ಬ್ರಿಗೇಡ್‌ಗಳನ್ನು ಕಳುಹಿಸಿದಾಗ ಹಿಂಸಾಚಾರ ಇಳಿಯಿತು. ಅದನ್ನು ನಿರಾಕರಿಸುವುದು ಸೈನಿಕರಿಗೆ ಮಾಡುವ ಅನ್ಯಾಯ. ಆದರೆ ಅದೇ ವರ್ಷ ಭೂಸೇನೆಯ ಯೋಧರ ರಣರಂಗದ ಸರದಿಯನ್ನು 15 ತಿಂಗಳಿಗೆ ಎಳೆಯಬೇಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಮೆರಿಕ ಇರಾಕ್‌ನಲ್ಲಿ ಸುಮಾರು 4,500 ಮತ್ತು ಅಫ್ಗಾನಿಸ್ತಾನದಲ್ಲಿ 2,400ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಇರಾಕಿಗಳ, ಅಫ್ಗನ್ನರ ಸಾವುಗಳು ಇದರ ಹಲವು ಪಟ್ಟು. 2014ರ ಜೂನ್‌ನಲ್ಲಿ ಮೊಸುಲ್ ನಗರ ಐಎಸ್ ಉಗ್ರರ ವಶವಾಯಿತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲಿಗೆ ಮರಳಿತು. ಒಳಹೋಗುವ ದಾರಿಯನ್ನಷ್ಟೇ ಬಲ್ಲ ಅಭಿಮನ್ಯುವಿನ ಕಥೆ ನಮಗೆ ಹೊಸದಲ್ಲ. ಆದರೆ ಅಭಿಮನ್ಯುವಿಗೆ ಹೊರಬರುವ ವಿದ್ಯೆ ತಿಳಿಯದು ಎಂಬುದು ಅವನನ್ನು ಕಳುಹಿಸಿದ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ನಾವು ನೆನೆಯುವುದು ಕಡಿಮೆ.

ವೈನ್‌ಬರ್ಗರ್ ಅವರ ಶಿಷ್ಯ ಪೊವೆಲ್ ಅವರೇ 2003ರ ಫೆಬ್ರುವರಿ 5ರಂದು ವಿದೇಶಾಂಗ ಕಾರ್ಯದರ್ಶಿಯಾಗಿ ವಿಶ್ವಸಂಸ್ಥೆಯಲ್ಲಿ ಈ ಯುದ್ಧದ ಪರ ವಾದ ಮಂಡಿಸಿದ್ದು ಇತಿಹಾಸದ ವಿಪರ್ಯಾಸ. ಆ ಭಾಷಣ ತಮ್ಮ ಹೆಸರಿಗೆ ಅಂಟಿದ ಕಳಂಕ ಎಂದು ಅವರು ಆಮೇಲೆ ಒಪ್ಪಿಕೊಂಡರು. ಪ್ರಶ್ನೆಗಳನ್ನು ಬಲ್ಲವರು ಇದ್ದರಷ್ಟೇ ಸಾಲದು, ಕೇಳುವ ಗಳಿಗೆಯಲ್ಲಿ ಕೇಳಬೇಕು.

ಎದುರು ವಾದ

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಆರು ಪರೀಕ್ಷೆಗಳೂ ಪಾಸಾಗುವವರೆಗೆ ಕಾಯುವ ಮಹಾಶಕ್ತಿಗೆ ಯಾರೂ ಹೆದರುವುದಿಲ್ಲ. ಸಾವುನೋವು ಹೆಚ್ಚಾದರೆ ಅಮೆರಿಕ ಮನೆಗೆ ಮರಳುತ್ತದೆ ಎಂಬ ಪಾಠವನ್ನು ಬೈರೂತಿನಿಂದ ಕಲಿತವರಲ್ಲಿ ಒಸಾಮ ಬಿನ್ ಲಾಡೆನ್ ಕೂಡ ಒಬ್ಬ. 1996ರ ತನ್ನ ಯುದ್ಧಘೋಷಣೆಯಲ್ಲಿ ಆತ ಬೈರೂತನ್ನು ಹೆಸರಿಸಿ ಅಣಕಿಸಿದ್ದ. ಇನ್ನು ನರಮೇಧದಂತಹ ಸಂದರ್ಭದಲ್ಲಿ ‘ಇದು ನಮ್ಮ ಮರ್ಮಸ್ಥಾನದ ಹಿತವೇ’ ಎಂದು ಲೆಕ್ಕ ಹಾಕುತ್ತ ಕೂರುವುದು ಕ್ರೌರ್ಯವಲ್ಲವೇ ಎಂಬ ಪ್ರಶ್ನೆಯೂ ಇದೆ. 1994ರ ರುವಾಂಡ ಅಮೆರಿಕದ ಆತ್ಮಸಾಕ್ಷಿಯನ್ನು ಬಹುಕಾಲ ಕಾಡಿತು.

ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಆರು ಪ್ರಶ್ನೆಗಳು ಗಣಿತದ ಸೂತ್ರವಲ್ಲ, ಎಲ್ಲಕ್ಕೂ ಹೌದೆಂಬ ಉತ್ತರ ಸಿಗುವ ಯುದ್ಧ ಇತಿಹಾಸದಲ್ಲಿ ಅಪರೂಪ. ಆದರೆ ಬೈರೂತಿನ ಅಪಮಾನಕ್ಕೆ ಮೂಲ ಹಿಂದೆಗೆದದ್ದಲ್ಲ. ಗುರಿಯಿಲ್ಲದೆ, ಬಂದೂಕಿಗೆ ಗುಂಡೂ ಇಲ್ಲದೆ ಹೋದದ್ದು. ಉದ್ದೇಶವಿಲ್ಲದೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ಇಡಲೇಬೇಕಾಗುತ್ತದೆ, ಹಾಗೆ ಹಿಂದಿಟ್ಟ ಪ್ರತಿಯೊಂದು ಹೆಜ್ಜೆಯೂ ಮುಂದಿನ ಬೆದರಿಕೆಯ ಬೆಲೆಯನ್ನು ಇಳಿಸುತ್ತದೆ. ಶತ್ರು ಹೆದರುವುದು ಎಲ್ಲೆಡೆ ನುಗ್ಗುವವನಿಗೆ ಅಲ್ಲ, ನುಗ್ಗಿದರೆ ಮುಗಿಸಿಯೇ ತೀರುವವನಿಗೆ. ರಮ್ಸ್‌ಫೆಲ್ಡ್ ನಂತರ ರಕ್ಷಣಾ ಕಾರ್ಯದರ್ಶಿಯಾದ ರಾಬರ್ಟ್ ಗೇಟ್ಸ್ ಎರಡೂ ಯುದ್ಧಗಳನ್ನು ನಡೆಸಿ ನೋಡಿದವರು. 2011ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮುಂದೆ ಅವರು, ಏಷ್ಯಾಕ್ಕೋ ಮಧ್ಯಪ್ರಾಚ್ಯಕ್ಕೋ ಆಫ್ರಿಕಕ್ಕೋ ಮತ್ತೆ ದೊಡ್ಡ ಭೂಸೇನೆ ಕಳುಹಿಸಿ ಎಂದು ಸಲಹೆ ಕೊಡುವ ರಕ್ಷಣಾ ಕಾರ್ಯದರ್ಶಿಯ ತಲೆಯನ್ನು ಪರೀಕ್ಷಿಸಬೇಕು ಎಂದರು.

ಬರಿದಾದ ಕಣಜ

ಕೇಳದೇ ಹೋದ ಪ್ರಶ್ನೆಗಳ ಬೆಲೆಯನ್ನು ಸತ್ತವರ ಸಂಖ್ಯೆಯಲ್ಲಷ್ಟೇ ಅಳೆದರೆ ಲೆಕ್ಕ ಅಪೂರ್ಣ. ಎರಡು ದಶಕ ಬುಡಕಟ್ಟು ಕಣಿವೆಗಳಲ್ಲಿ ಸೇನೆ ಸವೆಯುತ್ತಿದ್ದಾಗ, ದೊಡ್ಡ ಯುದ್ಧವೊಂದನ್ನು ತಡೆಯಬೇಕಾದ ಸಿದ್ಧತೆ ಹಿಂದೆ ಬಿದ್ದಿತು.

ಇದು ಬಯಲಿಗೆ ಬಂದದ್ದು 2022ರಲ್ಲಿ, ರಷ್ಯಾ ಉಕ್ರೇನ್ ಮೇಲೆ ಪೂರ್ಣಪ್ರಮಾಣದ ದಾಳಿ ನಡೆಸಿದಾಗ. ಫಿರಂಗಿಗಳಿಗೆ ಬೇಕಾದ 155 ಮಿಲಿಮೀಟರ್ ಶೆಲ್‌ಗಳನ್ನು ಅಮೆರಿಕ ಆಗ ತಿಂಗಳಿಗೆ ತಯಾರಿಸುತ್ತಿದ್ದದ್ದು ಸುಮಾರು 14,000 ಮಾತ್ರ. ಉಕ್ರೇನಿನ ರಣರಂಗಕ್ಕೆ ಅದು ಕೆಲವೇ ದಿನಗಳ ಮೇವು. ಪೆನ್ಸಿಲ್ವೇನಿಯದ ಸ್ಕ್ರಾಂಟನ್ನಿನಲ್ಲಿರುವ ಮುಖ್ಯ ಶೆಲ್ ಕಾರ್ಖಾನೆ ಮೂಲತಃ ಉಗಿಬಂಡಿಗಳ ಕಾಲದ ರೈಲ್ವೆ ಕಾರ್ಯಾಗಾರ. ಸ್ಟಿಂಗರ್ ಕ್ಷಿಪಣಿಯ ಉತ್ಪಾದನೆಗೆ ಮತ್ತೆ ಚಾಲನೆ ಕೊಡಲು ಎಪ್ಪತ್ತರ ಪ್ರಾಯದ ನಿವೃತ್ತ ಎಂಜಿನಿಯರುಗಳನ್ನು ಕರೆಸಿ ಹೊಸಬರಿಗೆ ಪಾಠ ಹೇಳಿಸಬೇಕಾಯಿತು. ತಿಂಗಳಿಗೆ ಒಂದು ಲಕ್ಷ ಶೆಲ್‌ಗಳ ಗುರಿಗೆ ನಿಗದಿಯಾಗಿದ್ದ 2025ರ ಗಡುವೂ ತಪ್ಪಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತಿಗೆ ಇದಕ್ಕಿಂತ ನಿದರ್ಶನ ಬೇಕೆ?

ಸಮುದ್ರದ ಮೇಲೂ ಇದೇ ಕಥೆ. 32 ಕಟ್ಟಬೇಕೆಂದಿದ್ದ ಜುಮ್‌ವಾಲ್ಟ್ ವರ್ಗದ ಯುದ್ಧನೌಕೆಗಳು ವೆಚ್ಚ ಏರಿದ ಕಾರಣ ಮೂರಕ್ಕೇ ನಿಂತವು. ವರ್ಷಕ್ಕೆ ಎರಡು ವರ್ಜೀನಿಯ ವರ್ಗದ ಜಲಾಂತರ್ಗಾಮಿಗಳ ಗುರಿಯಿದ್ದರೆ, 2022ರ ನಂತರದ ವರ್ಷಗಳಲ್ಲಿ ತಯಾರಾದದ್ದು ಸರಾಸರಿ 1.2. ಶೀತಲ ಸಮರ ಮುಗಿದ ಮೇಲೆ ಸರ್ಕಾರವೇ ವಿಲೀನಕ್ಕೆ ಉತ್ತೇಜನ ಕೊಟ್ಟಿತ್ತು. 1990ರ ದಶಕದಲ್ಲಿ 51 ಇದ್ದ ಪ್ರಮುಖ ಶಸ್ತ್ರಾಸ್ತ್ರ ಕಂಪನಿಗಳು ಐದಕ್ಕೆ ಇಳಿದವು ಎಂದು 2022ರಲ್ಲಿ ರಕ್ಷಣಾ ಇಲಾಖೆಯ ವರದಿಯೇ ಒಪ್ಪಿಕೊಂಡಿತು. ಸ್ಪರ್ಧೆಯೇ ಮಾರುಕಟ್ಟೆಯ ಜೀವ ಎಂದು ನಂಬುವವರಿಗೆ ಇದು ನುಂಗಲಾರದ ತುತ್ತು.

ಇದೆಲ್ಲದರ ಹಿಂದೆ ಸಾಲವಿದೆ. ದೇಶದ ಭದ್ರತೆಗೆ ಅತಿ ದೊಡ್ಡ ಅಪಾಯ ರಾಷ್ಟ್ರೀಯ ಸಾಲ ಎಂದು 2010ರಲ್ಲೇ ಹೇಳಿದವರು ಹಣಕಾಸು ತಜ್ಞರಲ್ಲ, ಸೇನಾ ಮುಖ್ಯಸ್ಥರ ಸಮಿತಿಯ ಅಂದಿನ ಅಧ್ಯಕ್ಷ ಅಡ್ಮಿರಲ್ ಮೈಕ್ ಮುಲ್ಲನ್. 2024ರ ಹಣಕಾಸು ವರ್ಷದಲ್ಲಿ ಅಮೆರಿಕ ಸಾಲದ ಮೇಲಿನ ಬಡ್ಡಿಗೆ ತೆತ್ತ ಸುಮಾರು 88 ಸಾವಿರ ಕೋಟಿ ಡಾಲರ್ ಮೊತ್ತ ಅದರ ರಕ್ಷಣಾ ವೆಚ್ಚವನ್ನೂ ಮೀರಿತು. ಇರಾಕ್ ಯುದ್ಧ ನಡೆಯುತ್ತಿದ್ದಾಗಲೇ ತೆರಿಗೆ ಕಡಿತವನ್ನೂ ಮಾಡಿದ ಸರ್ಕಾರದ ಬಾಯಲ್ಲಿ ಮಿತವ್ಯಯದ ಮಾತು ಶೋಭಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕಕ್ಕೆ ಪಕ್ಷಭೇದವಿಲ್ಲ.

ಕಳುಹಿಸುವವರು ಯಾರು, ಹೋಗುವವರು ಯಾರು

ಐದನೇ ಪ್ರಶ್ನೆಯೇ, ಅಂದರೆ ಜನತೆ ಮತ್ತು ಕಾಂಗ್ರೆಸ್ಸಿನ ಬೆಂಬಲದ ಪ್ರಶ್ನೆಯೇ, ಉಳಿದ ಐದಕ್ಕೂ ಬೀಗದ ಕೈ. ಯುದ್ಧ ಘೋಷಿಸುವ ಅಧಿಕಾರವನ್ನು ಅಮೆರಿಕದ ಸಂವಿಧಾನ ಕೊಟ್ಟಿರುವುದು ಅಧ್ಯಕ್ಷರಿಗಲ್ಲ, ಕಾಂಗ್ರೆಸ್ಸಿಗೆ. ಕಾಂಗ್ರೆಸ್ ಆ ಅಧಿಕಾರವನ್ನು ಬಳಸಿ ಯುದ್ಧ ಘೋಷಿಸಿದ್ದು ಕಡೆಯದಾಗಿ 1942ರಲ್ಲಿ. ಕೊರಿಯ, ವಿಯೆಟ್ನಾಮ್, ಅಫ್ಗಾನಿಸ್ತಾನ, ಇರಾಕ್ ಯಾವುದಕ್ಕೂ ಯುದ್ಧಘೋಷಣೆ ಇಲ್ಲ. 2001ರ ಸೆಪ್ಟೆಂಬರಿನಲ್ಲಿ ಪ್ರತಿನಿಧಿ ಸಭೆ 420–1 ಮತಗಳಿಂದ ಅಂಗೀಕರಿಸಿದ ನಿರ್ಣಯದ ಮುಖ್ಯ ವಾಕ್ಯ ಸುಮಾರು 60 ಪದಗಳಷ್ಟೇ. ಆ ಮತ ಬಿದ್ದಾಗ ಹುಟ್ಟಿಯೇ ಇರದ ಸಂಘಟನೆಗಳ ವಿರುದ್ಧ, ಹೆಸರೇ ಬಾರದ ದೇಶಗಳಲ್ಲಿ ನಡೆಸಿದ ಕಾರ್ಯಾಚರಣೆಗಳಿಗೂ ಎರಡೂ ಪಕ್ಷಗಳ ಅಧ್ಯಕ್ಷರು ಅದನ್ನೇ ಆಧಾರವಾಗಿ ತೋರಿಸಿದರು. ಸಂವಿಧಾನದ ಮೂಲ ಆಶಯವೇ ಪ್ರಮಾಣ ಎಂದು ನ್ಯಾಯಾಲಯಗಳಲ್ಲಿ ವಾದಿಸುವ ಕನ್ಸರ್ವೇಟಿವ್‌ಗಳು ಇದೊಂದು ವಿಷಯದಲ್ಲಿ ಸುಮ್ಮನಾಗುವುದು ವಿಚಿತ್ರ.

1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು. ವಿಯೆಟ್ನಾಮ್ ಅನುಭವದಿಂದ ಬೆಂದಿದ್ದ ಸೇನಾ ಮುಖ್ಯಸ್ಥ ಜನರಲ್ ಕ್ರೈಟನ್ ಏಬ್ರಮ್ಸ್ ಮೀಸಲು ಪಡೆಗಳನ್ನು ಸೇನೆಯೊಂದಿಗೆ ಬಿಗಿಯಾಗಿ ಹೆಣೆದರು. ಮುಂದೆ ದೊಡ್ಡ ಯುದ್ಧವಾದರೆ ಊರಿನ ಅಂಗಡಿಕಾರ, ಶಾಲೆಯ ಮೇಷ್ಟ್ರೂ ಹೊರಡಬೇಕಾಗುತ್ತದೆ, ಆಗ ಜನತೆ ಎದ್ದು ಪ್ರಶ್ನಿಸುತ್ತದೆ ಎಂಬ ಎಣಿಕೆ ಅದರ ಹಿಂದಿತ್ತೆಂದು ಹೇಳುತ್ತಾರೆ. ಎಣಿಕೆ ಫಲಿಸಲಿಲ್ಲ. ಮೀಸಲು ಯೋಧರು ಎರಡು, ಮೂರು ಬಾರಿ ಹೋಗಿ ಬಂದರು, ದೇಶ ತನ್ನ ಪಾಡಿಗೆ ತಾನಿತ್ತು. 33 ಕೋಟಿಗೂ ಹೆಚ್ಚು ಜನರಿರುವ ದೇಶದಲ್ಲಿ ಪೂರ್ಣಾವಧಿ ಸೇವೆಯಲ್ಲಿರುವವರು ಸುಮಾರು 13 ಲಕ್ಷ. ಅವರಲ್ಲಿ ಅನೇಕರು ಸೈನಿಕರ ಮನೆಗಳಿಂದಲೇ ಬಂದವರು. ವಿಮಾನ ನಿಲ್ದಾಣದಲ್ಲಿ ಅವರಿಗೆ ಧನ್ಯವಾದ ಹೇಳುವುದು ಸುಲಭ. ಅವರನ್ನು ಏಕೆ ಕಳುಹಿಸಿದಿರಿ ಎಂದು ತಮ್ಮ ಪ್ರತಿನಿಧಿಯನ್ನು ಕೇಳುವುದು ಕಷ್ಟ.

ಈ ಪಾಠ ನಮಗೂ ಅಪರಿಚಿತವಲ್ಲ. 1987ರಲ್ಲಿ ಶಾಂತಿಪಾಲನೆಗೆಂದು ಶ್ರೀಲಂಕಾಕ್ಕೆ ಹೋದ ನಮ್ಮ ಸೇನೆ ಕೆಲವೇ ತಿಂಗಳಲ್ಲಿ ಎಲ್‌ಟಿಟಿಇ ವಿರುದ್ಧ ಯುದ್ಧಕ್ಕೆ ಸಿಲುಕಿ, 1990ರಲ್ಲಿ ಮರಳುವ ಹೊತ್ತಿಗೆ ಸುಮಾರು 1,200 ಯೋಧರನ್ನು ಕಳೆದುಕೊಂಡಿತ್ತು. ಬಹುಶಃ ಆ ನೆನಪೂ ಕೆಲಸ ಮಾಡಿರಬೇಕು. 2003ರಲ್ಲಿ ಇರಾಕ್‌ಗೆ ಪಡೆ ಕಳುಹಿಸುವಂತೆ ಅಮೆರಿಕ ಕೇಳಿದಾಗ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಕಳುಹಿಸುವುದಿಲ್ಲ ಎಂದು ಅಟಲ್ ಬಿಹಾರಿ ವಾಜಪೇಯಿ ಸರ್ಕಾರ ಜುಲೈನಲ್ಲಿ ತೀರ್ಮಾನಿಸಿತು. ಪೋಖ್ರಾನ್‌ನಲ್ಲಿ ಅಣ್ವಸ್ತ್ರ ಪರೀಕ್ಷಿಸಿದ, ಕಾರ್ಗಿಲ್‌ನಲ್ಲಿ ಹೋರಾಡಿದ ಸರ್ಕಾರವದು. ಅದನ್ನು ದುರ್ಬಲವೆಂದು ಯಾರೂ ಕರೆಯಲಾರರು.

ಅಮೆರಿಕದ ನಾರ್ತ್ ಕೆರೊಲಿನದ ಜಾಕ್ಸನ್‌ವಿಲ್ ಎಂಬ ಊರು ಮರೀನ್ ಪಡೆಯ ದೊಡ್ಡ ನೆಲೆಯ ಪಕ್ಕದಲ್ಲಿದೆ. ಅಲ್ಲಿ ಬೈರೂತಿನಲ್ಲಿ ಮಡಿದವರ ಹೆಸರುಗಳನ್ನು ಕೆತ್ತಿದ ಗೋಡೆಯೊಂದಿದೆ. ಪ್ರತಿ ಅಕ್ಟೋಬರ್ 23ರಂದು ಜನ ಅಲ್ಲಿ ಸೇರುತ್ತಾರೆ. ಅವರು ಶಾಂತಿಗಾಗಿ ಬಂದಿದ್ದರು ಎಂಬ ಅರ್ಥದ ಪುಟ್ಟ ವಾಕ್ಯವೊಂದನ್ನು ಗೋಡೆಯ ಮೇಲೆ ಬರೆಯಲಾಗಿದೆ. ಅದು ಸುಳ್ಳಲ್ಲ. ಆದರೆ ಅವರನ್ನು ಕಳುಹಿಸಿದವರು ಏಕೆ ಕಳುಹಿಸಿದರು ಎಂಬ ಪ್ರಶ್ನೆಗೆ ಆ ವಾಕ್ಯ ಉತ್ತರವೂ ಅಲ್ಲ. ಉತ್ತರ ಹೇಳಬೇಕಾದವರು ಸೈನಿಕ ಹಡಗು ಹತ್ತುವ ಮುನ್ನ ಹೇಳಬೇಕು, ಗೋಡೆಯ ಮೇಲೆ ಹೆಸರು ಕೆತ್ತಿದ ನಂತರವಲ್ಲ.